ಪ್ರಥಮ ಪರಮಪ್ರಸಾದದ ತರಗತಿ: ಜೂನ್‌ನಿಂದ ಏಪ್ರಿಲ್‌ವರೆಗೆ

2026ರ ಏಪ್ರಿಲ್ 12ರ ಭಾನುವಾರ ನಮ್ಮ ಕಥೋಲಿಕ ಧರ್ಮಕೇಂದ್ರದ (ಚರ್ಚಿನ) 36 ಮಕ್ಕಳು ಮೊದಲ ಸಲ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಯೇಸುವಿನ ಶರೀರವೆಂದು ಕೊಡುವ ರೊಟ್ಟಿ, ಸ್ವೀಕರಿಸಿದರು. ಹೋದ ಜೂನ್‌ನಿಂದ ನಾಲ್ಕು ಜನ ಉಪದೇಶಿಗಳು (ಧರ್ಮಪಾಠ ಹೇಳಿಕೊಡುವವರು), ಒಬ್ಬರು ಸಿಸ್ಟರ್ ಸೇರಿ ನಡೆಸಿದ ತರಗತಿ ಇದು. ಬೆಂಗಳೂರಿನಲ್ಲಿ ಕನ್ನಡ ಪೂಜೆ ಇರುವ ಧರ್ಮಕೇಂದ್ರಗಳಲ್ಲಿ ಈ ಜವಾಬ್ದಾರಿ ಹೊಸದಾಗಿ ಹೊರುವವರಿಗೆ, ಮಗುವನ್ನು ಸೇರಿಸಬೇಕೆಂದಿರುವ ತಂದೆತಾಯಿಯರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನೆಲ್ಲ ಕ್ರಮವಾಗಿ ಬರೆದಿಡುತ್ತಿದ್ದೇವೆ. ಪಾಠಕ್ಕಿಂತ ಕಾಗದಪತ್ರ, ಬಟ್ಟೆ, ಮೇಣದಬತ್ತಿಗಳ ವಿಷಯವೇ ಹೆಚ್ಚು ಬಂದಿದೆ. ಮಕ್ಕಳು ತರಗತಿ ಬಿಟ್ಟುಹೋಗುವುದು ಅಲ್ಲಿಯೇ.

ಜೂನ್ ಮೊದಲ ಭಾನುವಾರ ನೋಂದಣಿ. ಕೇಳುವುದು ಮೂರೇ ಕಾಗದ: ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರ, ಜನನ ಪ್ರಮಾಣಪತ್ರದ ನಕಲು, ಧರ್ಮಕೇಂದ್ರದ ಕುಟುಂಬ ಕಾರ್ಡಿನ ಸಂಖ್ಯೆ. ಹೆಸರು ಕೊಟ್ಟದ್ದು 41 ಮಕ್ಕಳು. ಅಂದೇ ಮೂರೂ ತಂದವರು 19. ಉಳಿದವರ ಪತ್ರ ಹುಡುಕುವುದರಲ್ಲಿ ನಾಲ್ಕು ತಿಂಗಳು ಕಳೆಯಿತು.

ದೀಕ್ಷಾಸ್ನಾನದ ದಾಖಲೆ ಇರುವುದು ಸ್ನಾನ ಕೊಟ್ಟ ಧರ್ಮಕೇಂದ್ರದ ಪುಸ್ತಕದಲ್ಲಿ, ಈಗ ನೀವು ವಾಸವಿರುವ ಕಡೆ ಅಲ್ಲ. ಕೋಲಾರದಲ್ಲೋ ಕೃಷ್ಣಗಿರಿಯಲ್ಲೋ ತಾಯಿಯ ತವರಿನಲ್ಲಿ ಸ್ನಾನವಾಗಿದ್ದರೆ ಅಲ್ಲಿಗೇ ಬರೆಯಬೇಕು. ಫೋನ್ ಮಾಡಿ "ನಮ್ಮ ಮಗೂದು ಸರ್ಟಿಫಿಕೇಟ್ ಬೇಕು" ಅಂದರೆ ಯಾರಿಂದಲೂ ಹುಡುಕಲಾಗದು. ಮಗುವಿನ ದೀಕ್ಷಾನಾಮ, ತಂದೆತಾಯಿಯ ಹೆಸರು, ಜ್ಞಾನಪಿತ ಜ್ಞಾನಮಾತೆಯರ (ದೀಕ್ಷೆಯ ವೇಳೆ ಮಗುವಿನ ಜೊತೆ ನಿಂತವರ) ಹೆಸರು, ಹುಟ್ಟಿದ ದಿನ, ಸ್ನಾನವಾದ ತಿಂಗಳು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿ. ತಾರೀಖು ಮರೆತಿದ್ದರೆ ಮನೆಯ ಹಳೆಯ ಫೋಟೊ ನೋಡಿ. ಸ್ಟುಡಿಯೊದಲ್ಲಿ ಮುದ್ರಿಸಿದ್ದಾದರೆ ಹಿಂಬದಿಯಲ್ಲಿ ದಿನಾಂಕದ ಮುದ್ರೆ ಇರಬಹುದು. ನಗರದಲ್ಲಿ ಇನ್ನೊಂದು ತೊಡಕೂ ಉಂಟು. ಊರು ಬೆಳೆದಂತೆ ದೊಡ್ಡ ಧರ್ಮಕೇಂದ್ರಗಳು ಒಡೆದು ಹೊಸವು ಆಗಿವೆ. ಆಗ ಹಳೆಯ ಪುಸ್ತಕಗಳು ತಾಯಿ ಧರ್ಮಕೇಂದ್ರದಲ್ಲೇ ಉಳಿಯುತ್ತವೆ. ಸ್ನಾನ ನಡೆದ ಕಟ್ಟಡ ಅಂದು ಉಪಕೇಂದ್ರವಾಗಿತ್ತೇ ಎಂದು ಮೊದಲು ವಿಚಾರಿಸಿಕೊಂಡರೆ ಎರಡು ಸುತ್ತು ಓಡಾಟ ತಪ್ಪುತ್ತದೆ.

ಪುಸ್ತಕದಲ್ಲೂ ಸಿಗದಿದ್ದರೆ? ಇಬ್ಬರು ಮಕ್ಕಳಿಗೆ ಹಾಗೆಯೇ ಆಯಿತು. ಒಂದು ಮನೆಯವರು "ಇನ್ನು ಆಗಲ್ಲ ಬಿಡಿ ಟೀಚರ್" ಎಂದು ಕೈಬಿಟ್ಟೂ ಆಗಿತ್ತು. ಕೈಬಿಡಬೇಕಿಲ್ಲ. ಧರ್ಮಸಭೆಯ ಕಾನೂನಿನ 876ನೇ ವಿಧಿಯ ಪ್ರಕಾರ, ಬೇರೆಯವರಿಗೆ ಬಾಧೆಯಾಗದ ಸಂದರ್ಭದಲ್ಲಿ, ಸಂಶಯಕ್ಕೆ ಎಡೆಯಿಲ್ಲದ ಒಬ್ಬ ಸಾಕ್ಷಿಯ ಹೇಳಿಕೆ ಸಾಕು. ಜ್ಞಾನಮಾತೆ ಬಂದು ಗುರುಗಳ ಮುಂದೆ ಬರೆದುಕೊಟ್ಟರು. ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಸಂಶಯ ತೀರದೇ ಉಳಿದಾಗ ಮಾತ್ರ ಷರತ್ತಿನ ದೀಕ್ಷಾಸ್ನಾನದ (ಮೊದಲು ಆಗಿರದಿದ್ದರೆ ಮಾತ್ರ ಸಲ್ಲಲಿ ಎಂದು ಕೊಡುವ ಸ್ನಾನದ) ಮಾತು ಬರುತ್ತದೆ. ಅದನ್ನು ತೀರ್ಮಾನಿಸಬೇಕಾದವರು ಗುರುಗಳು, ಉಪದೇಶಿಗಳಲ್ಲ.

ಆಧಾರ್‌ನಲ್ಲಿ ಒಂದು ಹೆಸರು, ದೀಕ್ಷಾಪತ್ರದಲ್ಲಿ ಇನ್ನೊಂದು ಇರುವುದು ತಪ್ಪಲ್ಲ. ಎರಡನ್ನೂ ಅರ್ಜಿಯಲ್ಲಿ ಬರೆಯಿರಿ. ತಂದೆಯ ಹೆಸರೇ ತಪ್ಪಾಗಿದ್ದರೆ ತಿದ್ದಬೇಕಾದವರು ಮೂಲ ಧರ್ಮಕೇಂದ್ರದವರು. ಅದಕ್ಕೆ ಧರ್ಮಪ್ರಾಂತ್ಯದ ಕಚೇರಿಯ ಅನುಮತಿ ಕೇಳುವುದೂ ಉಂಟು, ಆದ್ದರಿಂದ ಜೂನ್‌ನಲ್ಲೇ ಶುರುಮಾಡಿ. ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟಂಟ್) ಸಭೆಯಲ್ಲಿ ದೀಕ್ಷೆ ಪಡೆದ ಮಗುವಿಗೆ ಮತ್ತೆ ಸ್ನಾನ ಕೊಡುವಂತಿಲ್ಲ. ತ್ರಿತ್ವದ (ಪಿತ, ಸುತ, ಪವಿತ್ರಾತ್ಮರ) ಹೆಸರಿನಲ್ಲಿ ನೀರಿನಿಂದ ಕೊಟ್ಟ ಆ ದೀಕ್ಷೆ ಸಿಂಧು, ಕಥೋಲಿಕ ಸಭೆಗೆ ಬರಮಾಡಿಕೊಳ್ಳುವ ವಿಧಿಯೇ ಬೇರೆ. ಸೀರೊ ಮಲಬಾರ್ (ಕೇರಳ ಮೂಲದ ಪೂರ್ವ ಕಥೋಲಿಕ) ಮನೆಯ ಮಕ್ಕಳು ಬಂದರೆ ಅವರ ಸ್ವಂತ ಸಭೆಯ ಗುರುಗಳಿಂದ ಪತ್ರ ತರಿಸಿ. ಅವರಲ್ಲಿ ದೀಕ್ಷಾಸ್ನಾನದ ಜೊತೆಗೇ ದೃಢೀಕರಣವೂ, ಅಂದರೆ ದೀಕ್ಷೆಯನ್ನು ಗಟ್ಟಿಗೊಳಿಸುವ ತೈಲಲೇಪನವೂ, ಆಗಿರಬಹುದು. ದೃಢೀಕರಣ ಜೀವನದಲ್ಲಿ ಒಂದೇ ಸಲ. ಅದನ್ನು ಈಗಲೇ ಗುರುತು ಹಾಕಿಡದಿದ್ದರೆ ಮುಂದೆ ದೃಢೀಕರಣದ ತರಗತಿಯಲ್ಲಿ ಗೊಂದಲವಾಗುತ್ತದೆ.

ದೀಕ್ಷೆಯೇ ಆಗದ ಮಕ್ಕಳು ಮೂವರಿದ್ದರು. 7 ತುಂಬಿ ತಿಳಿವಳಿಕೆ ಬಂದ ಮಗುವನ್ನು ಈ ವಿಷಯದಲ್ಲಿ ಧರ್ಮಸಭೆ ದೊಡ್ಡವರ ಸಾಲಿನಲ್ಲೇ ಇಡುತ್ತದೆ, ಅವರ ಸಿದ್ಧತೆ ಬೇರೆ. ಅವರನ್ನು ಗುರುಗಳೇ ಪ್ರತ್ಯೇಕವಾಗಿ ತೆಗೆದುಕೊಂಡಿದ್ದಾರೆ, ಇನ್ನೂ ಒಂದು ವರ್ಷ ನಡೆಯುತ್ತದೆ. ಇನ್ನಿಬ್ಬರ ಕುಟುಂಬ ಊರು ಬದಲಿಸಿತು. ಹೀಗೆ 41 ಇದ್ದದ್ದು 36 ಆಯಿತು.

ತಂದೆತಾಯಿಯ ಮದುವೆ ಚರ್ಚಿನಲ್ಲಿ ಆಗಿಲ್ಲ ಎಂಬ ಕಾರಣಕ್ಕೆ ಮಗುವನ್ನು ತಡೆಯುವಂತಿಲ್ಲ. ಕೆಲವರು ಆ ಅಂಜಿಕೆಯಿಂದಲೇ ನೋಂದಣಿಗೆ ಬರುವುದಿಲ್ಲ. ಮನೆಗೆ ಹೋಗಿ ಹೇಳಿ, ಮೈಕಿನಲ್ಲಿ ಹೇಳಿದರೆ ಅವರಿಗೆ ತಲುಪುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ 36 ಮನೆಗಳಿಗೂ ಇಬ್ಬಿಬ್ಬರಾಗಿ ಹೋದೆವು. ಒಂದು ಮನೆಗೆ ಇಪ್ಪತ್ತು ನಿಮಿಷ ಸಾಕು. ವರ್ಷದುದ್ದಕ್ಕೂ ಇದಕ್ಕಿಂತ ಫಲ ಕೊಟ್ಟ ಕೆಲಸ ಇನ್ನೊಂದಿಲ್ಲ.

ತರಗತಿ ಭಾನುವಾರ ಎಂಟರ ಪೂಜೆಯ ನಂತರ 45 ನಿಮಿಷ. ಜೂನ್‌ನಿಂದ ಮಾರ್ಚ್‌ವರೆಗೆ ನಲವತ್ತಕ್ಕೂ ಹೆಚ್ಚು ಭಾನುವಾರಗಳಿವೆ ಎಂದು ಲೆಕ್ಕ ಹಾಕಬೇಡಿ. ದಸರಾ ರಜೆ, ಕ್ರಿಸ್ಮಸ್ ರಜೆ, ಧರ್ಮಕೇಂದ್ರದ ಹಬ್ಬ, ಪರೀಕ್ಷೆ ಕಳೆದರೆ ಉಳಿಯುವುದು 28. ಅಂದರೆ ಒಟ್ಟು 21 ಗಂಟೆ. ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಅರ್ಧ ಮನೆಗಳು ಶಿವಾಜಿನಗರದ ಬೆಸಿಲಿಕಾಕ್ಕೆ ನೊವೇನಕ್ಕೆ (ಒಂಬತ್ತು ದಿನದ ಪ್ರಾರ್ಥನೆಗೆ) ಹೋಗಿರುತ್ತವೆ, ಆ ಭಾನುವಾರ ಹೊಸ ಪಾಠ ಇಟ್ಟುಕೊಳ್ಳಬೇಡಿ.

ಭಾಷೆಯದು ದೊಡ್ಡ ತೊಡಕು. 36ರಲ್ಲಿ 14 ಮಕ್ಕಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಾತು ಬರುತ್ತದೆ, ಶಾಲೆ ಇಂಗ್ಲಿಷ್, ಮನೆಯಲ್ಲಿ ತಮಿಳೋ ತೆಲುಗೋ ಕೊಂಕಣಿಯೋ. ತಾಯಂದಿರು ಪ್ರಾರ್ಥನೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದರು. ಸೆಪ್ಟೆಂಬರ್ ಹೊತ್ತಿಗೆ ಎಲ್ಲರೂ ಪರಲೋಕ ಪ್ರಾರ್ಥನೆಯನ್ನು ತಡವರಿಸದೆ ಹೇಳುತ್ತಿದ್ದರು. ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ: "ಟೀಚರ್, ಅನುದಿನ ಅಂದ್ರೆ ಯಾರು?" ಅವನು ಅದನ್ನು ಒಬ್ಬ ಮನುಷ್ಯನ ಹೆಸರೆಂದುಕೊಂಡಿದ್ದ. ತರಗತಿಯಲ್ಲಿ ಕೈಯೆತ್ತಲು ಹೇಳಿದಾಗ ಆ ಪದದ ಅರ್ಥ ಗೊತ್ತಿದ್ದವರು ಐದು ಮಂದಿ.

ಅಂದಿನಿಂದ ಕ್ರಮ ಬದಲಾಯಿತು. ವಾರಕ್ಕೆ ಪ್ರಾರ್ಥನೆಯ ಒಂದೇ ಸಾಲು, ಮೊದಲು ಅರ್ಥ, ಆಮೇಲೆ ಉಚ್ಚಾರಣೆ, ಕೊನೆಗೆ ಬಾಯಿಪಾಠ. ಆ ಸಾಲನ್ನು ಮನೆಯ ಹಿರಿಯರೊಬ್ಬರು ಫೋನಿನಲ್ಲಿ ಹೇಳಿ ಕಳಿಸಬೇಕು, ಮಗು ಅದನ್ನು ಕೇಳಿ ಕಲಿಯಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಲ-ಳ, ನ-ಣ ಎಲ್ಲ ಒಂದೇ ಆಗುತ್ತವೆ. ಅಜ್ಜಿಯ ದನಿಯಲ್ಲಿ ಕೇಳಿದಾಗ ಆ ಗೊಂದಲವಿಲ್ಲ. ಇಂಗ್ಲಿಷ್‌ನಲ್ಲೇ ಪಾಠ ಮಾಡಿ ಎಂದು ಕೇಳಿದ ಮನೆಗಳೂ ಇದ್ದವು. ಮಗು ಮುಂದೆ ಯಾವ ಭಾಷೆಯ ಪೂಜೆಗೆ ಬರುತ್ತದೋ ಆ ಭಾಷೆಯಲ್ಲೇ ಸಿದ್ಧವಾಗಬೇಕು ಎಂಬ ಗುರುಗಳ ಮಾತಿಗೆ ಕೊನೆಗೆ ಎಲ್ಲರೂ ಒಪ್ಪಿದರು.

ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಬಾಗಿಲು ತೆರೆದಿರಲಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. "ಒಳಗೊಳಗೇ ಮುಗಿಸೋಣ" ಎಂಬುದಕ್ಕೆ ಜಾಗವಿಲ್ಲ. ಉಪದೇಶಿಗಳೆಲ್ಲರೂ ಇದನ್ನು ಮೊದಲ ದಿನವೇ ಓದಿಕೊಂಡು ಸಹಿ ಹಾಕಿದೆವು.

ಫೆಬ್ರವರಿ 18ಕ್ಕೆ ವಿಭೂತಿ ಬುಧವಾರ. ಅಂದು ಶುರುವಾಗುವ, ಪಾಸ್ಖಕ್ಕೆ (ಈಸ್ಟರ್‌ಗೆ) ಮುಂಚಿನ ತಪಸ್ಸುಕಾಲದ ನಲವತ್ತು ದಿನ ಹೊಸ ಪಾಠ ನಿಲ್ಲಿಸಿ ಮಕ್ಕಳನ್ನು ಸೇವೆಗೆ ಹಚ್ಚಿದೆವು. ಅನುದಿನದ ಆಹಾರ ಎಂದರೇನು ಎಂದು ತಿಳಿಯಲು ಅಡುಗೆಮನೆಯ ಅಕ್ಕಿ ಡಬ್ಬಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಅನ್ನಕ್ಕೆ ಇಡುವ ಮುಂಚೆ ಮಗು ತನ್ನ ಕೈಯಾರೆ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಕ್ಕೆ ಹಾಕಬೇಕು. ಎಂಟು ವರ್ಷದ ಮಗುವಿನ ಹಿಡಿಯಲ್ಲಿ ಸುಮಾರು 40 ಗ್ರಾಂ ಹಿಡಿಯುತ್ತದೆ. ನಲವತ್ತು ದಿನಕ್ಕೆ 1.6 ಕಿಲೊ. 36 ಮನೆಗೆ 57.6 ಕಿಲೊ ಆಗಬೇಕಿತ್ತು, ಕೈಗೆ ಬಂದದ್ದು 48.

ಮಾಡಿದ ತಪ್ಪನ್ನೂ ಹೇಳಬೇಕು. ಮೊದಲ ಎರಡು ವಾರ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದೆವು. ಸೋನಾ ಮಸೂರಿ, ಪಡಿತರದ ಅಕ್ಕಿ, ಕುಸಲಕ್ಕಿ ಎಲ್ಲ ಬೆರೆತವು. ಒಂದು ಬೇಯುವಷ್ಟರಲ್ಲಿ ಇನ್ನೊಂದು ಗಂಜಿಯಾಗುತ್ತದೆ. ಅಂಥದ್ದನ್ನು ಯಾರಿಗೂ ಕೊಡಲಾಗದು. ಆ ಚೀಲವನ್ನು ಗಿರಣಿಗೆ ಕಳಿಸಿ ಹಿಟ್ಟು ಮಾಡಿಸಬೇಕಾಯಿತು. ಮೂರು ಬೇರೆ ಚೀಲ, ಚೀಲದ ಮೇಲೆ ಹೆಸರು, ಒಳಗೆ ಒಣ ಬೇವಿನೆಲೆ, ಇಷ್ಟು ಮೊದಲ ವಾರದಿಂದಲೇ ಇರಲಿ. ಪಡಿತರದ ಅಕ್ಕಿಯಲ್ಲಿ ಬೇರೆ ಬಣ್ಣದ ಕಾಳುಗಳು ಕಂಡು ಒಬ್ಬ ತಾಯಿ ಪ್ಲಾಸ್ಟಿಕ್ ಎಂದು ಗಾಬರಿಯಾದರು. ಅವು ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಸಾರವರ್ಧಿತ ಕಾಳುಗಳು, ಆರಿಸಿ ಎಸೆಯಬಾರದು.

ಅಕ್ಕಿಯೂ ಆ ಹಿಟ್ಟೂ ಹೋಗಿದ್ದು ಧರ್ಮಕೇಂದ್ರದ ಸಂತ ವಿನ್ಸೆಂಟ್ ದಿ ಪಾಲ್ ಸಭೆಯ ಮೂಲಕ 12 ಮನೆಗಳಿಗೆ, ಮನೆಗೆ 4 ಕಿಲೊ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಝನಾಂ ಮತ್ತು ಗೆಳೆಯರು ಶುರುಮಾಡಿದ ಆ ಸಭೆಯ ರೂಢಿ ಮನೆಗೇ ಹೋಗಿ ಕಾಣುವುದು. ಬಡವರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸುವುದಲ್ಲ. ಹನ್ನೆರಡರಲ್ಲಿ ಕ್ರೈಸ್ತರ ಮನೆಗಳು ಐದು. ಕೊಡುವಾಗ ಫೋಟೊ ಇಲ್ಲ, ಕರಪತ್ರ ಇಲ್ಲ, "ಚರ್ಚಿಗೆ ಬನ್ನಿ" ಎಂಬ ಮಾತೂ ಇಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಮಕ್ಕಳಿಗೆ ಪಾಠ ಮಾಡಿ, ಮರುದಿನ ಅದನ್ನೇ ವಾಟ್ಸಾಪ್‌ನಲ್ಲಿ ಹಾಕುವುದು ಆಗದ ಮಾತು.

ಇನ್ನೊಂದು ಕೆಲಸ, ಹಾಸಿಗೆ ಹಿಡಿದ ಹಿರಿಯರಿಗೆ ಪರಮಪ್ರಸಾದ ಕೊಂಡೊಯ್ಯುವ ಸಹಾಯಕರ ಜೊತೆ ಹೋಗುವುದು. ಪ್ರತಿ ಮನೆಗೆ ಇಬ್ಬರು ಮಕ್ಕಳು, ಒಬ್ಬ ಪೋಷಕರು. ಪುಟ್ಟ ಮೇಜು, ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ಒಂದು ಲೋಟ ನೀರು, ಒಂದು ಚಮಚ. ನುಂಗಲು ಕಷ್ಟವಾದವರಿಗೆ ರೊಟ್ಟಿಯ ಚಿಕ್ಕ ತುಣುಕು ಕೊಟ್ಟು ಚಮಚದಲ್ಲಿ ನೀರು ಕುಡಿಸುತ್ತಾರೆ. ಮನೆಯಲ್ಲಿ ಆಮ್ಲಜನಕದ ಯಂತ್ರ ಓಡುತ್ತಿದ್ದರೆ ಬತ್ತಿ ಹಚ್ಚಲೇಬೇಡಿ. ಇದನ್ನು ಮುಂಚೆಯೇ ಫೋನಿನಲ್ಲಿ ಕೇಳಿಕೊಳ್ಳಿ. ಒಂದು ಮನೆಯಲ್ಲಿ ಮಾತು ನಿಂತುಹೋಗಿದ್ದ ಅಜ್ಜಿಯೊಬ್ಬರು ಗುರುತು ಮರೆತ ಮುಖದಲ್ಲಿ ಮಲಗಿದ್ದರು. ಮಕ್ಕಳು ಪರಲೋಕ ಪ್ರಾರ್ಥನೆ ಶುರುಮಾಡಿದ ಕೂಡಲೇ ಅವರ ತುಟಿ ಅಲುಗಾಡಿತು, ಕೊನೆಯ ಆಮೆನ್‌ವರೆಗೂ ಅಲುಗಾಡುತ್ತಲೇ ಇತ್ತು. "ಅವರಿಗೆ ಎಲ್ಲಾ ಬರುತ್ತೆ ಟೀಚರ್" ಎಂದು ಹೊರಗೆ ಬಂದ ಮೇಲೆ ಹುಡುಗಿ ಹೇಳಿದಳು.

ಪಾಪನಿವೇದನೆ ಪರಮಪ್ರಸಾದಕ್ಕೆ ಮುಂಚೆಯೇ ಆಗಬೇಕು. ಪಾಸ್ಖದ ವಾರದಲ್ಲಿ ಗುರುಗಳಿಗೆ ಬಿಡುವಿರುವುದಿಲ್ಲವೆಂದು ಮಾರ್ಚ್ 28ರ ಶನಿವಾರ ಇಟ್ಟೆವು. ಮೂವರು ಗುರುಗಳು, ಒಬ್ಬೊಬ್ಬರಿಗೆ 12 ಮಕ್ಕಳು, ಮಗುವಿಗೆ ನಾಲ್ಕು ನಿಮಿಷದಂತೆ 48 ನಿಮಿಷ ಎಂಬುದು ಲೆಕ್ಕ, ಆದದ್ದು ಒಂದು ಗಂಟೆ ಹತ್ತು ನಿಮಿಷ. ಎಲ್ಲರಿಗೂ ಕಾಣುವ ಜಾಗ, ಮಾತು ಕೇಳಿಸದ ದೂರ ಇರಲಿ. ಭಯಕ್ಕೆ ಮಕ್ಕಳು ಚೀಟಿಯಲ್ಲಿ ಬರೆದುಕೊಂಡು ಬರುತ್ತಾರೆ, ಆಮೇಲೆ ಬೆಂಚಿನ ಮೇಲೆ ಬಿಟ್ಟುಹೋಗುತ್ತಾರೆ. ಹೆಸರು ಬರೆಯಬೇಡಿ ಎಂದು ಹೇಳಿ, ಮುಗಿದ ಕೂಡಲೇ ಹರಿದು ಸುಡಲು ಮಣ್ಣಿನ ಕುಂಡ ಇಡಿ. ತಂದೆತಾಯಿಯರಿಗೆ ಒಂದೇ ಸೂಚನೆ: ಮನೆಗೆ ಹೋಗಿ "ಏನು ಹೇಳಿದೆ?" ಎಂದು ಕೇಳಬಾರದು.

ಈಗ ಖರ್ಚು. ಅಂಗಡಿಯ ಬಿಳಿ ಗೌನು, ಸೂಟು ಎಂದು ಹೋದರೆ ಸಾವಿರಗಳ ಮಾತು. ಬಾಡಿಗೆಗೆ ತಂದರೂ ಕಡಿಮೆಯಾಗದು. ಹಿಂದಿನ ವರ್ಷಗಳಲ್ಲಿ ಈ ಖರ್ಚಿಗೆ ಹೆದರಿ "ಮುಂದಿನ ವರ್ಷ ನೋಡೋಣ" ಎಂದು ಹಿಂದೆ ಸರಿದ ಮನೆಗಳಿವೆ. ಯೇಸುವಿನ ಊಟದ ಮೇಜಿಗೆ ಬರಲು ಒಂದು ಮಗು ಬಟ್ಟೆಗಾಗಿ ಕಾಯುವುದು ಸರಿಯಲ್ಲ. ಆದ್ದರಿಂದ ಗಂಡು ಹೆಣ್ಣು ಎಲ್ಲರಿಗೂ ಒಂದೇ ತರಹದ ಬಿಳಿ ನಿಲುವಂಗಿ. ಮಗುವಿಗೆ ಎರಡೂವರೆ ಮೀಟರ್, ಒಟ್ಟು 90 ಮೀಟರ್ ಹತ್ತಿ ಮಿಶ್ರಿತ ಬಟ್ಟೆಯನ್ನು ಚಿಕ್ಕಪೇಟೆಯಿಂದ ಮೀಟರಿಗೆ 110 ರೂಪಾಯಿಯಂತೆ ತಂದೆವು. ಹೊಲಿಗೆ ತಲಾ 150. ಅಂಗಿಯೊಂದಕ್ಕೆ 425 ಆಯಿತು. ಅಂಚನ್ನು ನಾಲ್ಕು ಇಂಚು ಒಳಮಡಿಸಿ ಹೊಲಿಸಿ, ಮುಂದಿನ ವರ್ಷದ ಎತ್ತರದ ಮಗುವಿಗೂ ಆಗುತ್ತದೆ. ಅಳತೆ ಜನವರಿಯಲ್ಲಿ ತೆಗೆದದ್ದು ತಪ್ಪಾಯಿತು; ಮೂರು ತಿಂಗಳಲ್ಲಿ ಏಳು ಮಕ್ಕಳು ಬೆಳೆದಿದ್ದರು. ಮಾರ್ಚ್ ಮೊದಲ ವಾರ ಸರಿಯಾದ ಸಮಯ. ಮೇಣದಬತ್ತಿ 40, ಪ್ರಮಾಣಪತ್ರ 25, ಬೆಳಗಿನ ತಿಂಡಿ 90 ಸೇರಿ ಮಗುವಿಗೆ 580 ರೂಪಾಯಿ, ಒಟ್ಟು 20,880.

ಹಣ ಕೂಡಿಸಲು ಪ್ರತಿ ಮನೆಗೂ ಒಂದೇ ಅಳತೆಯ ಲಕೋಟೆ ಕೊಟ್ಟೆವು. ಹೆಸರು ಬರೆಯುವಂತಿಲ್ಲ, ಆದಷ್ಟು ಹಾಕಿ, ಖಾಲಿಯಾದರೂ ಅಂಟಿಸಿ ಪೆಟ್ಟಿಗೆಗೆ ಹಾಕಿ ಎಂದೆವು. ಬಂದದ್ದು 19,450. ಉಳಿದ 1,430 ರೂಪಾಯಿಯನ್ನು ಒಂದು ಕಿರು ಕ್ರೈಸ್ತ ಸಮುದಾಯದವರು (ಅಕ್ಕಪಕ್ಕದ ಮನೆಗಳ ಪ್ರಾರ್ಥನಾ ಗುಂಪಿನವರು) ತುಂಬಿದರು.

ಅಭ್ಯಾಸ ಮೂರು ದಿನ. ಪೂಜೆಯಲ್ಲಿ ಪವಿತ್ರೀಕರಿಸದ ರೊಟ್ಟಿಯಲ್ಲಿ ರುಚಿ ತೋರಿಸಿಯೇ ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ಅಂಗುಳಕ್ಕೆ ಅಂಟಿದ ಕೂಡಲೇ ಬೆರಳು ಹಾಕಿ ಬಿಡಿಸಲು ನೋಡುತ್ತಾರೆ. ಬಾಯಿ ಮುಚ್ಚಿ ಸ್ವಲ್ಪ ಕಾಯಬೇಕು, ತಾನೇ ಮೆತ್ತಗಾಗುತ್ತದೆ. ಕೈಯಲ್ಲಿ ಸ್ವೀಕರಿಸುವಾಗ ಎಡ ಅಂಗೈ ಮೇಲೆ, ಬಲಗೈ ಅದರ ಕೆಳಗೆ. ಗುರುಗಳು ಎಡ ಅಂಗೈಯಲ್ಲಿ ಇಡುತ್ತಾರೆ, ಮಗು ಬಲಗೈಯಿಂದ ತೆಗೆದು ಅಲ್ಲೇ ನಿಂತು ಬಾಯಿಗಿಡಬೇಕು. ಎಡಗೈ ಒಡ್ಡುವುದೇ ಎಂದು ಹಿರಿಯರು ಮುಖ ಗಂಟಿಕ್ಕಿದರು. ರಾಜನನ್ನು ಹಿಡಿಯುವ ಬಲಗೈಗೆ ಎಡಗೈ ಸಿಂಹಾಸನವಾಗಲಿ ಎಂದು ನಾಲ್ಕನೇ ಶತಮಾನದಲ್ಲೇ ಜೆರುಸಲೇಮಿನ ಸಂತ ಸಿರಿಲರ ಉಪದೇಶದಲ್ಲಿದೆ. ನಾವು ಬಲಗೈಯಲ್ಲಿ ಉಣ್ಣುವವರು, ಇದು ನಮಗೆ ಇನ್ನೂ ಚೆನ್ನಾಗಿ ಹೊಂದುತ್ತದೆ ಎಂದು ವಿವರಿಸಿದ ಮೇಲೆ ಸಮಾಧಾನವಾಯಿತು. ಅಂದು ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡುವುದಾದರೆ ಕೈಯಲ್ಲಿ ಕೊಡುವಂತಿಲ್ಲ, ನಾಲಿಗೆಯ ಮೇಲೆಯೇ. ಯಾವ ರೀತಿ ಎಂದು ಗುರುಗಳನ್ನು ಮೊದಲೇ ಕೇಳಿ, ಅದನ್ನೇ ಅಭ್ಯಾಸ ಮಾಡಿಸಿ. ನಮ್ಮಲ್ಲಿ ಇದು ಗೊತ್ತಾದದ್ದು ಎರಡನೆಯ ಅಭ್ಯಾಸದ ದಿನ.

ಒಬ್ಬ ಹುಡುಗನಿಗೆ ಗೋಧಿಯ ಗ್ಲುಟೆನ್ ಆಗುವುದಿಲ್ಲ. ಅಕ್ಕಿಹಿಟ್ಟಿನ ರೊಟ್ಟಿ ಮಾಡಿಸೋಣವೇ ಎಂದು ತಾಯಿ ಕೇಳಿದರು. ಆಗದು, ಗೋಧಿಯಲ್ಲದ್ದು, ಗ್ಲುಟೆನ್ ಪೂರ್ತಿ ತೆಗೆದದ್ದು ಬಲಿಪೂಜೆಗೆ ಸಲ್ಲುವುದಿಲ್ಲ. ಬಹಳ ಕಡಿಮೆ ಗ್ಲುಟೆನ್ ಇರುವ ಗೋಧಿ ರೊಟ್ಟಿಗೆ ಒಪ್ಪಿಗೆಯಿದೆ, ಅದೂ ತಡೆಯದವರು ದ್ರಾಕ್ಷಾರಸವನ್ನಷ್ಟೇ ಸ್ವೀಕರಿಸಬಹುದು. ವೈದ್ಯರ ಮಾತು ಕೇಳಿ ಎರಡನೆಯದನ್ನು ಆರಿಸಿದರು. ಬೇರೆ ಪಾತ್ರೆ ಬೇಕು, ರೊಟ್ಟಿಯ ಚೂರು ಬೀಳದ ಪಾತ್ರೆ. ಒಂದು ತಿಂಗಳು ಮುಂಚೆ ತಿಳಿಸಿದರೆ ಎಲ್ಲ ಸುಸೂತ್ರ.

ಏಪ್ರಿಲ್ 12, ಬೆಳಿಗ್ಗೆ ಎಂಟರ ಪೂಜೆ. ಹಿಂದಿನ ವರ್ಷ ಪೂಜೆಯ ನಡುವೆ ಇಬ್ಬರು ಮಕ್ಕಳು ತಲೆಸುತ್ತಿ ಬಿದ್ದಿದ್ದರು. ಕಾರಣ ಬಿಸಿಲಲ್ಲ, ಹಸಿವು. "ರಾತ್ರಿಯಿಂದ ಹನಿ ನೀರೂ ಮುಟ್ಟಬಾರದು ಕಂದಾ" ಎಂದು ಅಜ್ಜಿಯಂದಿರು ಉಪವಾಸ ಕೂರಿಸಿದ್ದರು. ಅವರ ಹಿರಿಯರ ಕಾಲದ ನಿಯಮ ಹಾಗೆಯೇ ಇತ್ತು. 1957ರಲ್ಲಿ ಅದು ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ಆ ಒಂದು ಗಂಟೆಯನ್ನು ಎಣಿಸುವುದು ಪರಮಪ್ರಸಾದದ ಹೊತ್ತಿನಿಂದ, ಪೂಜೆಯ ಆರಂಭದಿಂದಲ್ಲ. ನೀರಿಗೂ ಔಷಧಿಗೂ ತಡೆಯಿಲ್ಲ. ಆರೂವರೆಗೆ ಎರಡು ಇಡ್ಲಿ ತಿನ್ನಿಸಿ ಕರೆತನ್ನಿ ಎಂದು ಈ ಸಲ ಮನೆಮನೆಗೆ ಹೇಳಿದ್ದೆವು; ಒಬ್ಬರೂ ಬೀಳಲಿಲ್ಲ.

ಬತ್ತಿ ಹಚ್ಚುವುದು ದೀಕ್ಷಾವಚನಗಳನ್ನು ನವೀಕರಿಸುವ ಆ ಕೆಲವು ನಿಮಿಷ ಮಾತ್ರ, ಪಾಸ್ಖ ದೀಪದಿಂದ. ನೈಲಾನ್ ಮುಸುಕು ಬೆಂಕಿಗೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ, ಹಾಗಾಗಿ ಮುಸುಕು ಬೇಡವೆಂದೆವು. ತಲೆಗೆ ಮಲ್ಲಿಗೆ ಸಾಕಾಯಿತು. ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು, ಪ್ರತಿ ಬತ್ತಿಗೂ ಕಾಗದದ ಬಟ್ಟಲು, ಕಂಬದ ಬದಿಗೆ ಎರಡು ಬಕೆಟ್ ನೀರು. ಫೋಟೊಗ್ರಾಫರ್ ಒಬ್ಬರೇ, ನಿಲ್ಲುವ ಜಾಗ ನೆಲದ ಮೇಲೆ ಟೇಪ್ ಹಚ್ಚಿ ತೋರಿಸಿದ್ದೆವು. ಪರಮಪ್ರಸಾದದ ನಂತರ ಐದು ನಿಮಿಷ ಹಾಡು ಬೇಡ ಎಂದು ಗಾಯನವೃಂದದವರನ್ನು ಕೇಳಿಕೊಂಡಿದ್ದೆವು. 36 ಮಕ್ಕಳು ಕಣ್ಣು ಮುಚ್ಚಿ ಕುಳಿತ ಆ ಐದು ನಿಮಿಷ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ.

ಇನ್ನುಳಿದದ್ದು ಬರವಣಿಗೆ. ದೃಢೀಕರಣವನ್ನು ದೀಕ್ಷಾಸ್ನಾನದ ಪುಸ್ತಕದಲ್ಲಿ ನಮೂದಿಸಲೇಬೇಕು. ಪ್ರಥಮ ಪರಮಪ್ರಸಾದಕ್ಕೆ ಆ ಕಡ್ಡಾಯವಿಲ್ಲ. ಅದನ್ನು ನಮ್ಮ ಧರ್ಮಕೇಂದ್ರದ ಬೇರೊಂದು ಪುಸ್ತಕದಲ್ಲಿ ಬರೆದಿದ್ದೇವೆ. ಮನೆ ಬದಲಿಸುವವರು ಪ್ರಮಾಣಪತ್ರವನ್ನು ದೀಕ್ಷಾಪತ್ರದ ಜೊತೆಗೇ ಒಂದು ಕವರಿನಲ್ಲಿಡಿ, ದೃಢೀಕರಣದ ತರಗತಿಯವರು ಎರಡನ್ನೂ ಕೇಳುತ್ತಾರೆ.

ಮುಂದಿನ ವರ್ಷದವರಿಗೆ ಒಂದು ಎಚ್ಚರಿಕೆ. 2027ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 10ಕ್ಕೆ, ಪಾಸ್ಖ ಮಾರ್ಚ್ 28ಕ್ಕೇ ಬರುತ್ತದೆ. ಅಕ್ಕಿಯ ನಲವತ್ತು ದಿನ, ಪಾಪನಿವೇದನೆ, ಅಳತೆ ಎಲ್ಲವೂ ವಾರ್ಷಿಕ ಪರೀಕ್ಷೆಯ ನಡುವೆಯೇ ಬೀಳುತ್ತವೆ. ಅಭ್ಯಾಸಗಳನ್ನು ಪಾಸ್ಖದ ನಂತರಕ್ಕೆ ಹಾಕಿ, ದಿನವನ್ನು ಏಪ್ರಿಲ್ ಕೊನೆಗೆ ಗುರುಗಳಿಂದ ಈಗಲೇ ನಿಗದಿ ಮಾಡಿಸಿಕೊಳ್ಳಿ.

36 ಅಂಗಿಗಳೂ ಮರಳಿ ಬಂದಿವೆ. ಒಂಬತ್ತರ ಮೇಲೆ ಮೇಣ ಬಿದ್ದಿತ್ತು. ಒಣಗಿದ ಮೇಣವನ್ನು ಚಮಚದ ಹಿಡಿಯಿಂದ ಕೆರೆದು, ಮೇಲೂ ಕೆಳಗೂ ಹಾಳೆ ಇಟ್ಟು ಹದವಾದ ಬಿಸಿಯಲ್ಲಿ ಇಸ್ತ್ರಿ ಒತ್ತಿದರೆ ಮೇಣ ಹಾಳೆಗೆ ಇಳಿಯುತ್ತದೆ. ಅಚ್ಚಾದ ಪತ್ರಿಕೆಯ ಹಾಳೆ ಬೇಡ, ಶಾಯಿ ಬಿಳಿ ಬಟ್ಟೆಗೆ ಹತ್ತುತ್ತದೆ. ಒಗೆದು ಮಡಿಸಿ ನುಸಿಗುಳಿಗೆ ಹಾಕಿ ಪಾಠಶಾಲೆಯ ಕಬ್ಬಿಣದ ಬೀರುವಿನಲ್ಲಿಟ್ಟಿದ್ದೇವೆ. ಬೀಗದ ಕೈ ಕಚೇರಿಯಲ್ಲಿದೆ.